ಗೊಬ್ಬರದ ರೂಲು ಯಾರ ಕೈಲಿರ್ಬೇಕು? ಫ್ಲೋರಿಡಾದಲ್ಲಿರೋ ನಮ್ಮ ಕನ್ನಡದೋರಿಗೆ ಒಂದು ಬಹಿರಂಗ ಪತ್ರ

ಟ್ಯಾಂಪಾ, ಆರ್ಲ್ಯಾಂಡೊ, ಜ್ಯಾಕ್ಸನ್‌ವಿಲ್, ಮಯಾಮಿ ಕಡೆ ಎಲ್ಲೆಲ್ಲಿ ಮನೆ ಮಾಡ್ಕೊಂಡಿದೀರೋ ಆ ಎಲ್ಲಾ ಅಣ್ಣಂದಿರಿಗೆ, ಅಕ್ಕಂದಿರಿಗೆ, ತಮ್ಮ ತಂಗೀರಿಗೆ ನಮಸ್ಕಾರ.

ಲಾನಿಗೆ ಹಾಕೋ ಗೊಬ್ಬರದ ರೂಲು ಊರಿನೋರ ಕೈಲಿರ್ಬೇಕೋ ರಾಜ್ಯದ ಕೈಲಿರ್ಬೇಕೋ ಅನ್ನೋ ವಿಷಯಾನ ಇಂಗ್ಲಿಷಲ್ಲಿ ಬರ್ದು ರಾಜಧಾನಿ ಟ್ಯಾಲಹಾಸಿಗೆ ಆಗ್ಲೇ ಕಳ್ಸಿದೀನಿ. ಈಗ ಕನ್ನಡದಲ್ಲಿ ನಿಮಗೆ ಬರೀತಿದೀನಿ, ಯಾಕಂದ್ರೆ ಇದು ನಮ್ಮೆಲ್ಲರ ಮನೆ ಮುಂದಿನ ಹುಲ್ಲಿನ ವಿಷಯ, ಮತ್ತೆ ನಮ್ಮಲ್ಲಿ ಅರ್ಧಕ್ಕರ್ಧ ಜನ ಒಂದು ತಲೆಮಾರು ಹಿಂದಕ್ಕೆ ಹೋದ್ರೆ ಗೊಬ್ಬರದ ಚೀಲ ಹೆಗಲ ಮೇಲೆ ಹೊತ್ತಿರೋ ಮನೆಯೋರು. ಗೊಬ್ಬರ ಅಂದ್ರೇನು, ನೀರು ಅಂದ್ರೇನು, ಕೆರೆ ಹಾಳಾದ್ರೆ ಏನಾಗುತ್ತೆ ಅಂತ ನಮಗೆ ಯಾರೂ ಪಾಠ ಮಾಡ್ಬೇಕಾಗಿಲ್ಲ. ಆದ್ರೂ ಇಲ್ಲಿ ಕೌಂಟಿ (ನಮ್ಮ ಜಿಲ್ಲೆ ಥರ) ಮೀಟಿಂಗಲ್ಲಿ ಈ ಮಾತು ಬಂದಾಗ ನಮ್ಮೋರು ಒಬ್ರೂ ಕಾಣಲ್ಲ, ಅದು ನನಗೆ ಬಹಳ ದಿನದಿಂದ ಕೊರೀತಾ ಇದೆ.

ಮೊದ್ಲು ನನ್ನ ಮನೆ ಕಥೆ ಹೇಳ್ತೀನಿ. ನಾವಿರೋದು ಟ್ಯಾಂಪಾ ಪಕ್ಕದ ಪಿನೆಲಸ್ ಕೌಂಟೀಲಿ. 2018ರಲ್ಲಿ ಮನೆ ತಗೊಂಡ್ವಿ, ಹೊಸದು, ರೂಲು ಗೀಲು ಏನೂ ಗೊತ್ತಿಲ್ಲ. ಬಂದು ಮೂರು ತಿಂಗಳಿಗೇ ಎಚ್‌ಒಎ, ಅಂದ್ರೆ ಬಡಾವಣೆಯ ಮನೆ ಮಾಲೀಕರ ಸಂಘದಿಂದ ಕಾಗದ ಬಂತು, ನಿಮ್ಮ ಲಾನ್ ಹಳದಿ ಆಗಿದೆ, ಮೂವತ್ತು ದಿನದಲ್ಲಿ ಸರಿ ಮಾಡ್ಸಿ ಅಂತ. ಹೆದರಿಕೆ ಆಯ್ತು. ಮೇ ತಿಂಗಳಲ್ಲಿ ತಂದಿಟ್ಟಿದ್ದ ಒಂದು ಚೀಲ ಗ್ಯಾರೇಜಲ್ಲಿತ್ತು, ಜುಲೈನ ಒಂದು ಶನಿವಾರ ಬೆಳಿಗ್ಗೆ ಸ್ಪ್ರೆಡರಿಗೆ ಸುರ್ಕೊಂಡು ಪೂರ್ತಿ ಚೀಲ ಹಾಕ್ಬಿಟ್ಟೆ. ಜುಲೈನಲ್ಲಿ ಇಲ್ಲಿ ಮಳೆ ಹೇಗೆ ಅಂತ ನಿಮಗೇ ಗೊತ್ತಲ್ಲ, ಬೆಳಿಗ್ಗೆ ಬೆಂಕಿ ಬಿಸ್ಲು, ಮಧ್ಯಾಹ್ನ ಮೂರು ಗಂಟೆಗೆ ಗುಡುಗು, ಅರ್ಧ ಗಂಟೇಲಿ ರಸ್ತೆ ಪೂರ್ತಿ ಹೊಳೆ. ಆವತ್ತೂ ಹಂಗೇ ಆಯ್ತು.

ಆಗ ಅಪ್ಪ ಬಂದಿದ್ರು, ಮಂಡ್ಯ ಕಡೆಯಿಂದ, ಮೊದಲನೇ ಸಲ ಅಮೆರಿಕಾಗೆ. ಮಳೆ ನಿಂತ ಮೇಲೆ ಡ್ರೈವ್‌ವೇ ತುದೀವರ್ಗೂ ನಡ್ಕೊಂಡು ಹೋದೋರು, ಸ್ಟಾರ್ಮ್ ಡ್ರೈನ್ (ಮಳೆ ನೀರಿನ ಮೋರಿ) ಬಾಯಿ ಹತ್ರ ಕುಕ್ಕರಗಾಲಲ್ಲಿ ಕೂತ್ಕೊಂಡು ಏನೋ ಆಯ್ತಾ ಇದ್ರು. ಹೋಗಿ ನೋಡಿದ್ರೆ ಅಂಗೈ ಮೇಲೆ ಬಿಳಿ ಹಳದಿ ಕಾಳು. ಎರಡು ಬೆರಳಲ್ಲಿ ಉಜ್ಜಿ ನೋಡಿ ಅಂದ್ರು, "ಏನ್ಲಾ ಇದು, ಯೂರಿಯಾ ಅಲ್ವಾ?" ಹೂಂ ಅಪ್ಪ, ಹುಲ್ಲಿಗೆ ಹಾಕಿದ್ದು ಅಂದೆ. ಅವರು ಸುಮಾರು ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ "ದನ ಮೇಯಾಕಿಲ್ಲ, ತೆನೆ ಬರಾಕಿಲ್ಲ, ಈ ಹುಲ್ಗೆ ಯಾಕ್ಲಾ ಗೊಬ್ರ? ಅದೂ ಮಳೆ ಮುಂದೆ ಎರ್ಚಿದೀಯಲ್ಲಾ" ಅಂದ್ರು. ಊರಲ್ಲಿ ಅದೇ ಗೊಬ್ಬರಕ್ಕೆ ಸೊಸೈಟಿ ಮುಂದೆ ಬೆಳಿಗ್ಗೆ ಐದಕ್ಕೆ ಕ್ಯೂ ನಿಂತು, ಆಧಾರ್ ಕೊಟ್ಟು, ಮಷೀನಿಗೆ ಹೆಬ್ಬೆಟ್ಟು ಒತ್ತಿ, 45 ಕೇಜಿ ಚೀಲನ 266 ರೂಪಾಯಿ 50 ಪೈಸೆಗೆ ತಂದು, ಒಂದು ಕಾಳೂ ಚೆಲ್ಲದಂಗೆ ಭತ್ತದ ಪೈರಿಗೆ ಹಾಕೋ ಮನುಷ್ಯ ಅವರು. ಅವರ ಅಂಗೈ ಮೇಲಿದ್ದ ಆ ಕಾಳು ನನಗೆ ಇವತ್ತಿಗೂ ಕಣ್ಮುಂದೆ ಬರುತ್ತೆ.

ಆಮೇಲೆ ಪಕ್ಕದ ಮನೆಯೋರು ಹೇಳಿದ್ರು, ಪಿನೆಲಸಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 30ರ ತನಕ ಲಾನಿಗೆ ನೈಟ್ರೋಜನ್ ಫಾಸ್ಫರಸ್ ಇರೋ ಗೊಬ್ಬರ ಹಾಕೋ ಹಂಗೇ ಇಲ್ಲ, ಮಾರೋ ಹಂಗೂ ಇಲ್ಲ, 2010ರಿಂದ ಇದೆ ಈ ರೂಲು ಅಂತ. ನಿಜ, ಜೂನಲ್ಲಿ ಅಂಗಡಿಗೆ ಹೋದ್ರೆ ಆ ಶೆಲ್ಫಲ್ಲಿ ಬೇರೆ ಚೀಲ ಬಂದಿರುತ್ತೆ, ಚೀಲದ ಮೇಲಿನ ಮೂರು ನಂಬರಲ್ಲಿ ಮೊದಲ ಎರಡೂ ಸೊನ್ನೆ, ಬರೀ ಪೊಟ್ಯಾಶು, ಕಬ್ಬಿಣದ ಅಂಶ, ಅಂಥದ್ದು. ಕಬ್ಬಿಣದ ಅಂಶ ಹಾಕಿದ್ರೂ ಹುಲ್ಲು ಹಸಿರಾಗುತ್ತೆ, ಅದೂ ನನಗೆ ಆಮೇಲೆ ಗೊತ್ತಾಗಿದ್ದು.

ಈ ರೂಲು ಮಾಡಿದ್ದು ಟ್ಯಾಲಹಾಸಿ ಅಲ್ಲ. ಕೌಂಟಿಯೋರು ಮಾಡಿದ್ದು. ಅದಕ್ಕೂ ಮುಂಚೆ 2007ರಲ್ಲಿ ಸರಸೋಟ ಕೌಂಟಿಯೋರು ಮಾಡಿದ್ರು, ಅವರನ್ನ ನೋಡ್ಕೊಂಡು ಒಂದೊಂದಾಗಿ ಈ ಕಡೆ ಸಮುದ್ರ ತೀರದ ಕೌಂಟಿಗಳು ಸಿಟಿಗಳು ಮಾಡ್ತಾ ಬಂದ್ವು, ಪೂರ್ವ ತೀರದಲ್ಲಿ ಇಂಡಿಯನ್ ರಿವರ್ ಲಗೂನ್ ಅನ್ನೋ ಹಿನ್ನೀರಿನ ಪಕ್ಕದ ಊರುಗಳೂ ಮಾಡಿದ್ವು. ಯಾಕೆ ಮಾಡಿದ್ರು ಅಂದ್ರೆ ಅವರ ಕಣ್ಣೆದುರಿಗೆ ನೀರು ಹಾಳಾಗ್ತಾ ಇತ್ತು, ವಾಸನೆ ಅವರ ಮೂಗಿಗೆ ಬರ್ತಾ ಇತ್ತು.

ಸ್ಟಾರ್ಮ್ ಡ್ರೈನ್ ನೀರು ಎಲ್ಲಿಗೆ ಹೋಗುತ್ತೆ ಅಂತ ನಮ್ಮಲ್ಲಿ ಬಹಳ ಜನ ತಪ್ಪು ತಿಳ್ಕೊಂಡಿದಾರೆ. ಬಚ್ಚಲ ನೀರಿನ ಥರ ಅದು ಟ್ರೀಟ್ಮೆಂಟ್ ಪ್ಲಾಂಟಿಗೆ ಹೋಗಲ್ಲ. ನಿಮ್ಮ ಮನೆ ಹಿಂದೆ ಒಂದು ಕೊಳ ಇದೆಯಲ್ಲ, ಲೇಕ್ ವ್ಯೂ ಅಂತ ಹತ್ತಿಪ್ಪತ್ತು ಸಾವಿರ ಜಾಸ್ತಿ ಕೊಟ್ಟು ತಗೊಂಡಿರ್ತೀವಲ್ಲ, ಅದು ಲೇಕ್ ಅಲ್ಲ, ಬೀದಿ ನೀರು ಬಂದು ನಿಲ್ಲೋ ಗುಂಡಿ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಬೇ, ಅಂದ್ರೆ ಸಮುದ್ರದ ಕೊಲ್ಲಿಗೆ. ಬೇ ನೀರಲ್ಲಿ ನೈಟ್ರೋಜನ್ ಸೇರಿದ್ರೆ ಪಾಚಿ ಕಟ್ಟುತ್ತೆ, ಪಾಚಿ ಕಟ್ಟಿದ್ರೆ ತಳಕ್ಕೆ ಬಿಸಿಲು ಹೋಗಲ್ಲ, ಬಿಸಿಲು ಹೋಗದಿದ್ರೆ ತಳದಲ್ಲಿರೋ ಸೀಗ್ರಾಸ್ ಅನ್ನೋ ಸಮುದ್ರದ ಹುಲ್ಲು ಸಾಯುತ್ತೆ, ಅದು ಸತ್ರೆ ಅದನ್ನ ತಿನ್ನೋ ಮ್ಯಾನಟಿ ಅನ್ನೋ ದೊಡ್ಡ ನೀರುಪ್ರಾಣಿ, ಅದರೊಳಗೆ ಮರಿ ಮಾಡೋ ಮೀನು, ಸಿಗಡಿ ಎಲ್ಲಾ ಹೋಯ್ತು. ನಮ್ಮೂರ ಕೆರೇಲಿ ಅಂತರಗಂಗೆ ಹಬ್ಬಿ ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದ್ದನ್ನ ನೋಡಿದೀರಲ್ಲ, ಹೆಚ್ಚುಕಮ್ಮಿ ಅದೇ ಲೆಕ್ಕ, ಇಲ್ಲಿ ಕೆರೆ ಬದ್ಲು ಸಮುದ್ರದ ಹಿನ್ನೀರು ಅಷ್ಟೇ.

ಟ್ಯಾಂಪಾ ಬೇ ಲೆಕ್ಕ ನೋಡಿ. 1980ರ ದಶಕದ ಶುರುವಿನಲ್ಲಿ ಸೀಗ್ರಾಸ್ ಸುಮಾರು 21,600 ಎಕರೆಗೆ ಇಳಿದಿತ್ತು. ಕೊಳಚೆ ನೀರು ಶುದ್ಧ ಮಾಡಿ ಬಿಡೋದು ಶುರು ಮಾಡಿ, ಊರೂರು ಸೇರ್ಕೊಂಡು ಮೂವತ್ತು ವರ್ಷ ಕೆಲಸ ಮಾಡಿದ ಮೇಲೆ 2016ರ ಹೊತ್ತಿಗೆ 41,000 ಎಕರೆ ದಾಟ್ತು. ಪ್ರಪಂಚದಲ್ಲಿ ಹಾಳಾದ ನೀರು ಮತ್ತೆ ಸರಿ ಆಗಿದ್ದಕ್ಕೆ ಟ್ಯಾಂಪಾ ಬೇನ ಉದಾಹರಣೆ ಕೊಡ್ತಿದ್ರು. ಆಮೇಲೆ ಮತ್ತೆ ಇಳೀತಾ ಬಂತು, 2022ರ ಸರ್ವೇಲಿ 30,000 ಎಕರೆ ಆಸುಪಾಸಿಗೆ ಬಂದಿತ್ತು. ಪೂರ್ವ ತೀರದಲ್ಲಿ ಇದಕ್ಕಿಂತ ಕೆಟ್ಟದ್ದಾಯ್ತು. ಇಂಡಿಯನ್ ರಿವರ್ ಲಗೂನಲ್ಲಿ 2011ರಿಂದ ಪಾಚಿ ಮೇಲೆ ಪಾಚಿ ಬಂದು ಅರ್ಧಕ್ಕಿಂತ ಜಾಸ್ತಿ ಸೀಗ್ರಾಸ್ ಹೋಯ್ತು, 2021ರಲ್ಲಿ ಫ್ಲೋರಿಡಾದಲ್ಲಿ 1,100 ಮ್ಯಾನಟಿ ಸತ್ವು, ಬಹಳಷ್ಟು ಹಸಿವಿಗೆ ಸತ್ತಿದ್ದು. ಆ ಚಳಿಗಾಲದಲ್ಲಿ ಸರ್ಕಾರದೋರೇ ಲೆಟಿಸ್ ಸೊಪ್ಪು ತಂದು ತಂದು ನೀರಿಗೆ ಹಾಕಿದ್ರು, ಆ ವಿಡಿಯೋ ನೀವೂ ನೋಡಿರ್ಬೋದು. ಕಾಡುಪ್ರಾಣಿಗೆ ಗಂಜಿಕೇಂದ್ರ ತೆಗೆಯೋ ಹಾಗಾಯ್ತಲ್ಲ ಅಂತ ನನ್ನ ಹೆಂಡತಿ ಟಿವಿ ನೋಡ್ತಾ ಕಣ್ಣೀರು ಹಾಕಿದ್ಲು.

ಇಷ್ಟಕ್ಕೆಲ್ಲ ಲಾನ್ ಗೊಬ್ಬರ ಒಂದೇ ಕಾರಣ ಅಂತ ನಾನು ಹೇಳ್ತಿಲ್ಲ, ಹಾಗೆ ಹೇಳಿದ್ರೆ ಸುಳ್ಳಾಗುತ್ತೆ. ಸೆಪ್ಟಿಕ್ ಟ್ಯಾಂಕ್ ಸೋರೋದಿದೆ, ಮಳೆ ಬಂದಾಗ ಒಡೆಯೋ ಹಳೇ ಒಳಚರಂಡಿ ಪೈಪಿದೆ, ಹೊಲದಿಂದ ಬರೋದಿದೆ. 2021ರ ಮಾರ್ಚ್ ಏಪ್ರಿಲಲ್ಲಿ ಪೈನಿ ಪಾಯಿಂಟ್ ಅನ್ನೋ ಹಳೇ ಫಾಸ್ಫೇಟ್ ಗೊಬ್ಬರ ಫ್ಯಾಕ್ಟರಿ ಜಾಗದಿಂದ ಹತ್ತಿರ ಹತ್ತಿರ 21.5 ಕೋಟಿ ಗ್ಯಾಲನ್ ಕೊಳಕು ನೀರು ಟ್ಯಾಂಪಾ ಬೇಗೆ ಬಿಟ್ರು, ಕಟ್ಟೆ ಒಡೆಯೋ ಹಂಗಿತ್ತು, ಬಿಡ್ಲೇಬೇಕಾಯ್ತು. ಅದೇ ಬೇಸಿಗೇಲಿ ರೆಡ್ ಟೈಡ್ ಅನ್ನೋ ವಿಷದ ಪಾಚಿ ಬಂದು ಪಿನೆಲಸ್ ತೀರದಲ್ಲಿ ಸಾವಿರ ಟನ್ನಿಗೂ ಮೇಲೆ ಸತ್ತ ಮೀನು ಬಾಚಿದ್ರು. ರೆಡ್ ಟೈಡ್ ಹುಟ್ಟೋದು ದೂರದ ಸಮುದ್ರದಲ್ಲಿ ತಾನೇ ತಾನಾಗಿ, ಅದು ನಮ್ಮ ಗೊಬ್ಬರದಿಂದ ಹುಟ್ಟೋದಲ್ಲ, ಆದ್ರೆ ದಡಕ್ಕೆ ಬಂದ ಮೇಲೆ ಅದಕ್ಕೆ ಊಟ ಹಾಕೋದು ನಾವು ಹರಿಬಿಟ್ಟ ನೀರೂ ಹೌದು. 2018ರ ಸೆಪ್ಟೆಂಬರಲ್ಲಿ ಅಪ್ಪನ್ನ ಬೀಚಿಗೆ ಕರ್ಕೊಂಡ್ ಹೋಗಿದ್ದೆ, ಕಾರಿಂದ ಇಳಿದು ಹತ್ತು ಹೆಜ್ಜೆ ಹಾಕಿದ್ವಿ ಅಷ್ಟೇ, ಗಂಟಲು ಕಡಿಯೋದು, ಕೆಮ್ಮು, ಮರಳಿನುದ್ದಕ್ಕೂ ಬೆಳ್ಳಗೆ ಸತ್ತ ಮೀನು. ವಲ್ಲಿ ಬಾಯಿಗೆ ಕಟ್ಕೊಂಡು ವಾಪಸ್ ಬಂದ್ವಿ. ಸಮುದ್ರ ನೋಡ್ಬೇಕು ಅಂತ ಅಷ್ಟು ದೂರದಿಂದ ಬಂದಿದ್ರು ಅವರು.

ಇಷ್ಟೆಲ್ಲಾ ಕಾರಣ ಇರುವಾಗ ಲಾನ್ ಗೊಬ್ಬರದ ಮೇಲೇ ಯಾಕೆ ಕಣ್ಣು ಅಂತ ಕೇಳಿದ್ರೆ, ಒಂದು ಕೌಂಟಿ ಅಥವಾ ಸಿಟಿ ಕೈಯಲ್ಲಿ ಆಗೋದು ಅದೇ. ಹೊಲದ ಗೊಬ್ಬರಕ್ಕೆ ಈ ಲೋಕಲ್ ರೂಲು ತಾಗೋದೇ ಇಲ್ಲ, ರೈತರಿಗೆ ಪೂರ್ತಿ ವಿನಾಯಿತಿ ಇದೆ, ಅದನ್ನ ನೋಡ್ಕೊಳ್ಳೋದು ರಾಜ್ಯದ ಕೃಷಿ ಇಲಾಖೆ. ಇದನ್ನ ನಮ್ಮೋರು ಸರಿಯಾಗಿ ತಿಳ್ಕೋಬೇಕು, ಯಾಕಂದ್ರೆ ವಾಟ್ಸಾಪಲ್ಲಿ "ರೈತರ ಹೊಟ್ಟೆ ಮೇಲೆ ಹೊಡೀತಾರೆ" ಅಂತ ಒಂದು ಫಾರ್ವರ್ಡ್ ಓಡಾಡ್ತಿತ್ತು, ಅದು ತಪ್ಪು. ಮನೆ ಹಿಂದೆ ಹಾಕ್ಕೊಂಡಿರೋ ಬದನೆ, ಬೆಂಡೆ, ತರಕಾರಿ ಮಡಿಗೂ ವಿನಾಯಿತಿ ಇದೆ, ನೀರಿನ ದಡದಿಂದ ದೂರ ಇದ್ರೆ ಸಾಕು. ಈ ರೂಲಿರೋದು ನೋಡೋಕೆ ಅಂತ ಬೆಳೆಸೋ ಹುಲ್ಲಿಗೆ, ಅಲಂಕಾರದ ಗಿಡಕ್ಕೆ, ಅದೂ ವರ್ಷದಲ್ಲಿ ನಾಲ್ಕೇ ತಿಂಗಳು. ಆ ನಾಲ್ಕು ತಿಂಗಳಲ್ಲೇ ಟ್ಯಾಂಪಾದಲ್ಲಿ ವರ್ಷದ ಮಳೆ ಅರ್ಧಕ್ಕಿಂತ ಜಾಸ್ತಿ ಬೀಳೋದು.

ಈಗ ರಾಜ್ಯದ ವಿಷಯಕ್ಕೆ ಬರ್ತೀನಿ. ಫ್ಲೋರಿಡಾದ 1968ರ ಸಂವಿಧಾನದಲ್ಲಿ ಕೌಂಟಿ, ಸಿಟಿಗಳಿಗೆ ತಮ್ಮ ಊರಿನ ವಿಷಯ ತಾವೇ ನೋಡ್ಕೊಳ್ಳೋ ಅಧಿಕಾರ ಕೊಟ್ಟಿದಾರೆ, ಆದ್ರೆ ರಾಜ್ಯದ ಕಾನೂನಿಗೆ ವಿರುದ್ಧ ಹೋಗಂಗಿಲ್ಲ. ಅಂದ್ರೆ ಟ್ಯಾಲಹಾಸಿಯೋರು ಒಂದು ಸಾಲು ಬರೆದ್ರೆ ಸಾಕು, ಕೌಂಟಿಯೋರ ಕೈ ಕಟ್ಟಿದ ಹಾಗೆ. ಗೊಬ್ಬರದ ವಿಷಯದಲ್ಲಿ 2009ರ ಕಾನೂನು ನಿಜವಾಗ್ಲೂ ಒಳ್ಳೇದಿತ್ತು ಅಂತ ನನ್ನ ಅಭಿಪ್ರಾಯ. ರಾಜ್ಯದೋರೇ ಒಂದು ಮಾದರಿ ರೂಲು ಬರೆದ್ರು, ನೀರು ಕೆಟ್ಟಿರೋ ಜಾಗದ ಊರುಗಳು ಕನಿಷ್ಠ ಅಷ್ಟನ್ನಾದ್ರೂ ಮಾಡ್ಲೇಬೇಕು, ಅದಕ್ಕಿಂತ ಬಿಗಿ ಬೇಕು ಅಂದ್ರೆ ವೈಜ್ಞಾನಿಕ ಕಾರಣ ತೋರ್ಸಿ, ರಾಜ್ಯದ ಇಲಾಖೆಗಳನ್ನ, ಯೂನಿವರ್ಸಿಟಿ ಆಫ್ ಫ್ಲೋರಿಡಾದ ಕೃಷಿ ವಿಭಾಗದೋರನ್ನ ಕೇಳಿ, ಆಮೇಲೆ ಮಾಡಿ ಅಂತ. ಮೇಲಿನೋರು ಕನಿಷ್ಠ ಇಷ್ಟು ಅನ್ನೋದು, ಊರಿನೋರು ತಮ್ಮ ನೀರು ನೋಡ್ಕೊಂಡು ಜಾಸ್ತಿ ಮಾಡೋದು, ಇದರಲ್ಲಿ ಯಾರಿಗೂ ಅನ್ಯಾಯ ಇಲ್ಲ.

ಆಮೇಲೆ ನಿಧಾನಕ್ಕೆ ವಾಪಸ್ ಕಿತ್ಕೊಳ್ಳೋದು ಶುರುವಾಯ್ತು. ಗೊಬ್ಬರದ ಮಾರಾಟ, ಲೇಬಲ್ಲು, ಅದರೊಳಗೆ ಏನಿರ್ಬೇಕು ಅನ್ನೋದೆಲ್ಲ ರಾಜ್ಯದ ಕೃಷಿ ಇಲಾಖೆದು ಅಂತ ಕಾನೂನಾಯ್ತು, ಪಿನೆಲಸ್‌ದು ಅದಕ್ಕೂ ಮುಂಚೆ ಮಾಡಿದ್ದಾದ್ರಿಂದ ಉಳ್ಕೊಳ್ತು. ಹಾಕೋದನ್ನ ನಿಲ್ಸೋಕೆ ಮಾತ್ರ ಊರುಗಳಿಗೆ ಅಧಿಕಾರ ಉಳೀತು. 2023ರಲ್ಲಿ ಅದಕ್ಕೂ ಕೈ ಹಾಕಿದ್ರು. ಬಜೆಟ್ ಜೊತೆ ಬರೋ ಒಂದು ಬಿಲ್ ಇರುತ್ತೆ, ಅದರಲ್ಲಿ ಕೊನೇ ಗಳಿಗೇಲಿ ಒಂದು ಪ್ಯಾರಾ ಸೇರಿಸಿದ್ರು. ಮುಂದಿನ ಒಂದು ವರ್ಷ ಯಾವ ಕೌಂಟಿ, ಯಾವ ಸಿಟೀನೂ ಗೊಬ್ಬರ ನಿಲ್ಸೋ ಕಾಲಾವಧಿ ಹೊಸದಾಗಿ ತರಂಗಿಲ್ಲ, ಇರೋದನ್ನ ಬಿಗಿ ಮಾಡಂಗಿಲ್ಲ, ಅಷ್ಟರಲ್ಲಿ ಯೂನಿವರ್ಸಿಟಿಗೆ 2,50,000 ಡಾಲರ್ ಕೊಟ್ಟು ಈ ನಿಷೇಧದಿಂದ ಉಪಯೋಗ ಇದೆಯಾ ಅಂತ ಸ್ಟಡಿ ಮಾಡಿಸ್ತೀವಿ ಅಂತ. ಪರಿಸರದ ಸಂಘದೋರು, ಊರಿನ ಕಮಿಷನರ್‌ಗಳು (ಜನ ಓಟು ಹಾಕಿ ಆರಿಸಿದೋರು) ಗವರ್ನರ್ ಡಿಸ್ಯಾಂಟಿಸ್‌ಗೆ ಆ ಸಾಲು ತೆಗೀರಿ ಅಂತ ಬರೆದ್ರು. ಜೂನ್ 15ಕ್ಕೆ ಅವರು ಸೈನ್ ಹಾಕಿದ್ರು, ಸಾಲು ಹಂಗೇ ಉಳೀತು.

ನನಗೆ ಸ್ಟಡಿ ಮಾಡಿಸೋದ್ರ ಮೇಲೆ ಕೋಪ ಇಲ್ಲ. ಮಾಡಿಸ್ಲಿ, ಬೇಕಾದಷ್ಟು ಮಾಡಿಸ್ಲಿ. ಕೋಪ ಇರೋದು ಅದನ್ನ ಮಾಡಿದ ರೀತಿ ಮೇಲೆ. ಸರಸೋಟದಲ್ಲಿ, ಪಿನೆಲಸಲ್ಲಿ ರೂಲು ತರುವಾಗ ಪಬ್ಲಿಕ್ ಹಿಯರಿಂಗ್ ನಡೀತು, ಲಾನ್ ಕಂಪನಿಯೋರು ಬಂದು ಮಾತಾಡಿದ್ರು, ಮೀನು ಹಿಡಿಯೋರು ಬಂದ್ರು, ಬೀಚ್ ಹೋಟೆಲಿನೋರು ಬಂದ್ರು, ಯಾರು ಯಾಕೆ ಓಟು ಹಾಕಿದ್ರು ಅನ್ನೋದು ರೆಕಾರ್ಡಲ್ಲಿದೆ. ಟ್ಯಾಲಹಾಸಿಯೋರು ಒಂದು ಪ್ಯಾರಾದಲ್ಲಿ ಮುಗಿಸಿಬಿಟ್ರು. ಅದು ಆ ಬಜೆಟ್ ವರ್ಷಕ್ಕೆ ಅಂತ ಬರೆದಿದ್ದು ನಿಜ, ಆದ್ರೆ ಬಜೆಟ್ ಜೊತೆ ಸೇರಿಸಿ ಊರಿನ ಅಧಿಕಾರ ನಿಲ್ಸೋದು ಒಂದ್ಸಲ ಆಗುತ್ತೆ ಅಂತ ಗೊತ್ತಾದ್ಮೇಲೆ ಮತ್ತೊಂದ್ಸಲ ಮಾಡೋಕೆ ಏನು ಕಷ್ಟ. ಮುಂದೆ ಯಾವ ಸೆಷನ್ನಲ್ಲಿ ಬೇಕಾದ್ರೂ ಬರ್ಬೋದು, ಆಗ ನಾವು ಎದ್ದಿರ್ಬೇಕು ಅಂತಾನೇ ಈ ಪತ್ರ.

ಆ ಕಡೆಯೋರ ವಾದಾನೂ ನಾನು ಪೂರ್ತಿ ಓದಿದೀನಿ, ತಳ್ಳಿಹಾಕೋ ಹಾಗಿಲ್ಲ. ಯೂನಿವರ್ಸಿಟಿಯ ಹುಲ್ಲಿನ ತಜ್ಞರು ಏನ್ ಹೇಳ್ತಾರೆ ಅಂದ್ರೆ, ಹುಲ್ಲು ಚೆನ್ನಾಗಿ ಬೆಳೆಯೋದೇ ಬೇಸಿಗೇಲಿ, ಬೇರು ಗಟ್ಟಿ ಇದ್ದಾಗ ಹಾಕಿದ ಗೊಬ್ಬರ ಪೂರ್ತಿ ಹೀರ್ಕೊಳ್ಳುತ್ತೆ, ಆಗ ನಿಲ್ಸಿದ್ರೆ ಹುಲ್ಲು ಬಡಕಲಾಗಿ ಮಣ್ಣೇ ಕೊಚ್ಚಿ ಹೋಗ್ಬೋದು, ಜನ ಅಕ್ಟೋಬರಲ್ಲಿ ಎರಡರಷ್ಟು ಸುರೀಬೋದು ಅಂತ. ಸರಿಯಾದ ಪ್ರಮಾಣ, ನಿಧಾನಕ್ಕೆ ಕರಗೋ ಗೊಬ್ಬರ, ಮಳೆ ಇಲ್ಲದ ದಿನ ನೋಡಿ ಹಾಕಿದ್ರೆ ಅದು ನಿಜಾನೇ ಇರ್ಬೋದು. ಆದ್ರೆ ಹಾಕೋರು ತಜ್ಞರಲ್ಲ ಸ್ವಾಮಿ, ಹಾಕೋರು ನಾನು ನೀವು. ಎಚ್‌ಒಎ ಕಾಗದ ಕೈಲಿಟ್ಕೊಂಡು, ಚೀಲದ ಹಿಂದೆ ಬರ್ದಿದ್ದು ಓದ್ದೆ, ಶನಿವಾರ ಬಿಡುವಿದೆ ಅಂತ, ಮಧ್ಯಾಹ್ನದ ಮಳೆ ನೆನಪಿಲ್ಲದೆ ಹಾಕೋರು. ಪ್ಲಾಟಿನಲ್ಲಿ ತಜ್ಞರು ಮಾಡಿದ ಪ್ರಯೋಗಕ್ಕೂ ಸಾವಿರಾರು ಮನೇಲಿ ನಡೆಯೋದಕ್ಕೂ ಇರೋ ವ್ಯತ್ಯಾಸ ಊರಿನ ಕಮಿಷನರಿಗೆ ಗೊತ್ತಿರುತ್ತೆ, ಯಾಕಂದ್ರೆ ಅವರ ಮನೆ ಮುಂದೆನೂ ಅದೇ ಡ್ರೈನಿದೆ.

ಇನ್ನೊಂದು ವಾದ, ಕಂಪನಿಗಳಿಗೆ ಕೌಂಟಿಗೊಂದು ಸಿಟಿಗೊಂದು ರೂಲು ಇದ್ರೆ ಕಷ್ಟ, ರಾಜ್ಯಕ್ಕೆಲ್ಲಾ ಒಂದೇ ಇರ್ಲಿ ಅನ್ನೋದು. ಒಂದು ಟ್ರಕ್ಕು ಬೆಳಿಗ್ಗೆ ಒಂದು ಕೌಂಟೀಲಿ, ಮಧ್ಯಾಹ್ನ ಸೇತುವೆ ದಾಟಿ ಇನ್ನೊಂದರಲ್ಲಿ ಕೆಲಸ ಮಾಡುತ್ತೆ, ಹುಡುಗರಿಗೆ ಎರಡು ರೂಲು ನೆನಪಿಡೋದು ತೊಂದರೆ, ಒಪ್ತೀನಿ. ನಮ್ಮ ಪರಿಚಯದೋರೇ ಒಬ್ರು ಗೃಹಪ್ರವೇಶಕ್ಕೆ ಹುಲ್ಲು ಹಸಿರಾಗಿರ್ಲಿ ಅಂತ ಜೂನಲ್ಲಿ ಸೇತುವೆ ದಾಟಿ ಆ ಕಡೆಯಿಂದ ಎರಡು ಚೀಲ ತಂದು ಹಾಕಿದ್ರು, ರೂಲು ಒಂದೇ ಆಗಿದ್ರೆ ಅದು ನಡೀತಿರ್ಲಿಲ್ಲ. ಹಾಗಾದ್ರೆ ಒಂದೇ ರೂಲು ಮಾಡಿ, ಇರೋದ್ರಲ್ಲಿ ಬಿಗಿಯಾಗಿರೋದನ್ನ ಇಡೀ ರಾಜ್ಯಕ್ಕೆ ಮಾಡಿ, ನಾನು ಮೊದಲು ಕೈ ಎತ್ತೀನಿ. ಮಿನೆಸೋಟದಲ್ಲಿ ಹಾಗೇ ಆಗಿದ್ದು, ಮೊದಲು ಊರುಗಳು ತಮ್ಮ ಕೆರೆಗಳಿಗೋಸ್ಕರ ಲಾನಿಗೆ ಫಾಸ್ಫರಸ್ ಹಾಕೋದು ನಿಲ್ಸಿದ್ವು, ಆಮೇಲೆ ರಾಜ್ಯ ಅದನ್ನೇ ಎತ್ಕೊಂಡು 2005ರ ಹೊತ್ತಿಗೆ ಎಲ್ಲಾ ಕಡೆಗೂ ಮಾಡ್ತು. ವಿಸ್ಕಾನ್ಸಿನಲ್ಲೂ ಮ್ಯಾಡಿಸನ್ ಇರೋ ಡೇನ್ ಕೌಂಟಿ ಮೊದ್ಲು ಮಾಡಿದ್ದು, ರಾಜ್ಯ ಐದಾರು ವರ್ಷ ಆದ್ಮೇಲೆ. ಮಿಶಿಗನ್‌ನ ಆ್ಯನ್ ಆರ್ಬರಲ್ಲಿ ಊರಿನ ರೂಲು ಬಂದ ಮೇಲೆ ಹ್ಯೂರಾನ್ ನದೀಲಿ ಫಾಸ್ಫರಸ್ ಕಮ್ಮಿ ಆಗಿದ್ದನ್ನ ಅಳತೆ ಮಾಡಿ ತೋರ್ಸಿದ್ರು. ಊರಿನೋರು ಮೊದ್ಲು ಮಾಡಿ ತೋರಿಸ್ದೆ ಇದ್ರೆ ರಾಜ್ಯಕ್ಕೆ ಗೊತ್ತೂ ಆಗ್ತಿರ್ಲಿಲ್ಲ. ಇಲ್ಲಿ ಟ್ಯಾಲಹಾಸಿಯೋರು ಕೇಳ್ತಿರೋ "ಒಂದೇ ರೂಲು" ಅಂಥದ್ದಲ್ಲ, ಇರೋದನ್ನ ಸಡಿಲ ಮಾಡೋ ಒಂದೇ ರೂಲು.

ಮತ್ತೆ ದುಡ್ಡಿನ ಮಾತು. ನೀರಲ್ಲಿ ಇಷ್ಟಕ್ಕಿಂತ ನೈಟ್ರೋಜನ್ ಇರಂಗಿಲ್ಲ ಅಂತ ಮಿತಿ ಹಾಕೋದು ಮೇಲಿನೋರು. ಅದನ್ನ ಮುಟ್ಟಿಸ್ಬೇಕಾದ ಜವಾಬ್ದಾರಿ, ಖರ್ಚು ಬೀಳೋದು ಕೌಂಟಿ ಸಿಟಿ ಮೇಲೆ, ಅಂದ್ರೆ ನಮ್ಮ ಪ್ರಾಪರ್ಟಿ ಟ್ಯಾಕ್ಸ್ ಮೇಲೆ, ಸ್ಟಾರ್ಮ್‌ವಾಟರ್ ಬಿಲ್ ಮೇಲೆ. ಬ್ರೆವಾರ್ಡ್ ಕೌಂಟಿ ಜನ 2016ರಲ್ಲಿ ಲಗೂನ್ ಉಳಿಸೋಕೆ ಅಂತ ತಮ್ಮ ಮೇಲೇ ಅರ್ಧ ಸೆಂಟ್ ಸೇಲ್ಸ್ ಟ್ಯಾಕ್ಸ್ ಹಾಕ್ಕೊಂಡ್ರು, ಓಟು ಹಾಕಿ. ತಳದ ಕೆಸರು ತೆಗೆಸೋದು, ಸೆಪ್ಟಿಕ್ ಬದಲಾಯ್ಸೋದು, ಎಲ್ಲದಕ್ಕೂ ಕೋಟಿಗಟ್ಟಲೆ ಬೇಕು. ಚೀಲದ ಬಾಯಿ ನಾಲ್ಕು ತಿಂಗಳು ಬಿಚ್ಚದೇ ಇರೋಕೆ ಒಂದು ಪೈಸೆ ಬೇಡ. ಲೆಕ್ಕ ಕೇಳೋದು ಕೌಂಟೀನ, ಆದ್ರೆ ಅತೀ ಅಗ್ಗದ ಉಪಾಯ ಮಾಡ್ಬೇಡಿ ಅಂತ ಅದರ ಕೈ ಕಟ್ಟೋದು, ಇದ್ಯಾವ ನ್ಯಾಯ?

ನಮ್ಮ ಕಡೆಯೋರಿಗೆ ಇದು ಅರ್ಥ ಆಗೋಕೆ ಊರಿನ ನೀರುಗಂಟಿ ನೆನಪು ಮಾಡ್ಕೊಂಡ್ರೆ ಸಾಕು. ಕೆರೆ ತೂಬು ಎತ್ತೋನು, ಇಳಿಸೋನು ಅವನೇ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾವ ಕಾಲುವೆ ಸೋರ್ತಿದೆ, ಯಾರು ರಾತ್ರಿ ಅಡ್ಡ ಕಟ್ಟಿ ಕದೀತಾರೆ ಅನ್ನೋದು ಅವನಿಗೆ ಗೊತ್ತು. ಮೇಲೆ ಎಂಜಿನಿಯರ್ ಬೇಡ ಅಂತಲ್ಲ, ಅಣೆಕಟ್ಟು ನೋಡ್ಕೊಳ್ಳೋರು ಬೇಕೇ ಬೇಕು. ಆದ್ರೆ ನಾಲೆ ಕೊನೇ ಭಾಗದ ಗದ್ದೆಗೆ ನೀರು ಬಂತೋ ಇಲ್ವೋ ಅಂತ ಆಫೀಸಲ್ಲಿ ಕೂತು ಹೇಳೋಕಾಗುತ್ತಾ? ಮಂಡ್ಯದ ವಿಸಿ (ವಿಶ್ವೇಶ್ವರಯ್ಯ) ನಾಲೆ ಕೊನೇಲಿ ಜಮೀನಿದ್ದೋರ ಮನೇಲಿ ಹುಟ್ಟಿ ಬೆಳೆದೋನು ನಾನು, ಇದನ್ನ ಚಿಕ್ಕಂದಿನಿಂದ ನೋಡಿದೀನಿ. ನಮ್ಮ ದೇಶದಲ್ಲಿ 73ನೇ ತಿದ್ದುಪಡಿ ಆಗಿ ಪಂಚಾಯ್ತಿಗೆ 29 ವಿಷಯ ಅಂತ ಪಟ್ಟಿ ಕೊಟ್ರು, ಕೃಷೀನೇ ಮೊದಲನೇದು, ಆದ್ರೆ ಗೊಬ್ಬರ ಮಾತ್ರ 1985ರ ಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ದಿಲ್ಲಿ ಮತ್ತೆ ರಾಜ್ಯದ ಅಧಿಕಾರಿಗಳ ಕೈಲೇ ಇದೆ, ಗ್ರಾಮ ಪಂಚಾಯ್ತಿಗೆ ಸೊಸೈಟೀಲಿ ಎಷ್ಟು ಚೀಲ ಬಂತು ಅಂತ ಕೇಳೋ ಅಧಿಕಾರಾನೂ ಸರಿಯಾಗಿಲ್ಲ. ಊರ ಕೆರೆ ಕೆಟ್ರೆ ಪಂಚಾಯ್ತಿ ಅಧ್ಯಕ್ಷರು ಒಂದು ಮನವಿ ಬರ್ದು ಕೊಡ್ಬೋದು ಅಷ್ಟೇ. ಇಲ್ಲಿ ಒಂದು ಕೌಂಟಿಗೆ ನಿಜವಾದ ಅಧಿಕಾರ ಇತ್ತು, ಅದನ್ನ ಬಳಸಿ ಅವರು ಕೆಲಸ ಮಾಡಿ ತೋರಿಸಿದ್ರು. ಅಂಥದ್ದು ಕಣ್ಮುಂದೆ ಕೈಬಿಟ್ಟು ಹೋಗೋದನ್ನ ನೋಡ್ತಾ ಕೂರೋಕೆ ನನಗಾಗಲ್ಲ.

ಇನ್ನೊಂದು ನಂಟೂ ಇದೆ. ಟ್ಯಾಂಪಾದ ಪೂರ್ವಕ್ಕೆ ಒಂದು ಗಂಟೆ ಹೋದ್ರೆ ಬೋನ್ ವ್ಯಾಲಿ ಅಂತ, ನೂರು ವರ್ಷಕ್ಕೂ ಮೇಲಿಂದ ಫಾಸ್ಫೇಟ್ ಅಗೀತಿರೋ ಜಾಗ. ಅಲ್ಲಿನ ಕಲ್ಲಿಂದ ಮಾಡಿದ ಡಿಎಪಿ ಗೊಬ್ಬರ ಟ್ಯಾಂಪಾ ಬಂದರಿಂದ ಹಡಗಲ್ಲಿ ಇಂಡಿಯಾಗೂ ಬರ್ತಿತ್ತು, ಬಹಳ ವರ್ಷ ಪ್ರಪಂಚದ ಡಿಎಪಿ ಮಾರ್ಕೆಟಲ್ಲಿ "ಟ್ಯಾಂಪಾ ರೇಟು" ಅಂತಾನೇ ಹೇಳ್ತಿದ್ರು. ಅಪ್ಪನಿಗೆ ಇದನ್ನ ಹೇಳಿದಾಗ ಅವರು ಚೀಲದ ಮೇಲೆ ಯಾವತ್ತೂ ಅಂಥ ಹೆಸರು ನೋಡಿಲ್ಲ ಅಂದ್ರು. ಈ ನೆಲದಲ್ಲಿ ಸಹಜವಾಗೇ ಫಾಸ್ಫರಸ್ ತುಂಬಿರೋದ್ರಿಂದ ನಮ್ಮ ಕಡೆ ಲಾನಿಗೆ ಅದನ್ನ ಮೇಲಿಂದ ಹಾಕೋ ಅವಶ್ಯಕತೆ ಬಹಳಷ್ಟು ಕಡೆ ಇರೋದೇ ಇಲ್ಲ, ಮಣ್ಣು ಟೆಸ್ಟ್ ಮಾಡ್ಸಿ ಕೊರತೆ ಇದೆ ಅಂತ ಬಂದ್ರೆ ಮಾತ್ರ ಹಾಕಿ ಅಂತ ಅದಕ್ಕೇ ಹೇಳೋದು. ಜ್ಯಾಕ್ಸನ್‌ವಿಲ್ ಮಣ್ಣು ಬೇರೆ, ಮಯಾಮಿ ಮಣ್ಣು ಬೇರೆ, ಕೆರೆ ಪಕ್ಕದ ಊರಿನ ಸಮಸ್ಯೆ ಫಾಸ್ಫರಸ್ಸು, ಸಮುದ್ರ ಪಕ್ಕದ ಊರಿನ ಸಮಸ್ಯೆ ನೈಟ್ರೋಜನ್ನು. 67 ಕೌಂಟಿಗೂ ಒಂದೇ ಔಷಧಿ ಚೀಟಿ ಬರ್ಕೊಡೋದು ಹೇಗೆ ಆಗುತ್ತೆ?

ಎಚ್‌ಒಎ ವಿಷಯ ಒಂದು ಹೇಳ್ಬೇಕು, ಇದು ನಮ್ಮೋರಿಗೆ ಬಹಳ ಜನಕ್ಕೆ ಗೊತ್ತಿಲ್ಲ. ಫ್ಲೋರಿಡಾ ಕಾನೂನು ಪ್ರಕಾರ ನೀವು ಫ್ಲೋರಿಡಾ ಫ್ರೆಂಡ್ಲಿ ಲ್ಯಾಂಡ್‌ಸ್ಕೇಪಿಂಗ್ ಮಾಡ್ತೀನಿ ಅಂದ್ರೆ, ಅಂದ್ರೆ ಈ ಊರಿನ ಹವಾಕ್ಕೆ ಹೊಂದೋ, ನೀರು ಗೊಬ್ಬರ ಕಮ್ಮಿ ಕೇಳೋ ಗಿಡ ಹಾಕ್ತೀನಿ ಅಂದ್ರೆ, ಎಚ್‌ಒಎ ಅದನ್ನ ಬೇಡ ಅನ್ನೋ ಹಾಗಿಲ್ಲ. 2009ರಿಂದ ಇದು ಗಟ್ಟಿಯಾಗಿದೆ. ಪ್ಲಾನ್ ಕೊಟ್ಟು ಒಪ್ಪಿಗೆ ಕೇಳಿ ಅನ್ಬೋದು, ಪೂರ್ತಿ ತಡೆಯೋಕಾಗಲ್ಲ. ನಾನು ಮುಂದಿನ ಅಂಗಳದಲ್ಲಿ ಅರ್ಧ ಹುಲ್ಲು ತೆಗೆಸಿ ಇಲ್ಲಿನ ಗಿಡಗಳನ್ನ ಹಾಕಿದೀನಿ, ಮೂರು ಸಲ ಕಾಗದ ಬಂತು, ಮೂರು ಸಲಾನೂ ಕಾನೂನಿನ ಆ ಸೆಕ್ಷನ್ ಬರ್ದು ಕಳ್ಸಿದೆ, ಆಮೇಲೆ ನಿಂತೋಯ್ತು. ಯಾರಿಗಾದ್ರೂ ಆ ಕಾಗದದ ನಮೂನೆ ಬೇಕಿದ್ರೆ ಕೇಳಿ, ಕೊಡ್ತೀನಿ.

ನಿಮ್ಮನ್ನ ಕೇಳ್ಕೊಳ್ಳೋದು ಏನು ಅಂದ್ರೆ, ನಿಮ್ಮ ಊರಲ್ಲಿ ರೂಲು ಏನಿದೆ ಅಂತ ಮೊದ್ಲು ನೋಡಿ, ಇಲ್ಲ ಅಂದ್ರೆ ಯಾಕಿಲ್ಲ ಅಂತ ಕಮಿಷನರನ್ನ ಕೇಳಿ. ಕಮಿಷನ್ ಮೀಟಿಂಗಲ್ಲಿ ಯಾರು ಬೇಕಾದ್ರೂ ಹೆಸರು ಕೊಟ್ಟು ಎರಡು ಮೂರು ನಿಮಿಷ ಮಾತಾಡ್ಬೋದು. ಇಂಗ್ಲಿಷ್ ಉಚ್ಚಾರಣೆ ಸರಿ ಇರಲ್ಲ ಅಂತ ಹಿಂಜರೀಬೇಡಿ, ನನ್ನದೂ ಮಂಡ್ಯದ ಇಂಗ್ಲಿಷೇ, ಯಾರೂ ಏನೂ ಅನ್ಲಿಲ್ಲ, ಕೇಳಿಸ್ಕೊಂಡ್ರು. ಟ್ಯಾಲಹಾಸಿ ಸೆಷನ್ ವರ್ಷಕ್ಕೆ ಅರವತ್ತೇ ದಿನ, ಒಂದು ವರ್ಷ ಜನವರೀಲಿ, ಇನ್ನೊಂದು ವರ್ಷ ಮಾರ್ಚಲ್ಲಿ ಶುರುವಾಗುತ್ತೆ, ಬಜೆಟ್ ಬಿಲ್ ಕೊನೇಲಿ ಬರುತ್ತೆ, ಆ ಕೊನೇ ಎರಡು ವಾರ ನಿಮ್ಮ ರೆಪ್ರೆಸೆಂಟೇಟಿವ್‌ಗೆ ಒಂದು ಫೋನು, "ಊರಿನ ಗೊಬ್ಬರದ ರೂಲಿಗೆ ಕೈ ಹಾಕ್ಬೇಡಿ" ಅಂತ ಒಂದು ಮಾತು. ಓಟಿಲ್ಲದ ಗ್ರೀನ್ ಕಾರ್ಡಿನೋರು, ಎಚ್‌ಒನ್‌ಬಿಯೋರು ಕೂಡ ಮನೆ ಟ್ಯಾಕ್ಸ್ ಕಟ್ತೀರಿ, ನೀರು ನಿಮ್ಮದೂ ಹೌದು, ಮೀಟಿಂಗಲ್ಲಿ ಮಾತಾಡೋಕೆ ಓಟು ಬೇಕಾಗಿಲ್ಲ. ನಮ್ಮ ಕನ್ನಡ ಕೂಟದ ರಾಜ್ಯೋತ್ಸವಕ್ಕೆ, ಯುಗಾದಿಗೆ ನಾಲ್ಕುನೂರು ಐನೂರು ಜನ ಸೇರ್ತೀವಿ, ಅದರಲ್ಲಿ ಹತ್ತು ಜನ ಒಂದು ಮಂಗಳವಾರ ಕೌಂಟಿ ಆಫೀಸಿಗೆ ಬಂದ್ರೆ ಮುಂದಿನ ಸಾಲು ತುಂಬುತ್ತೆ. ನಮ್ಮ ಕೌಂಟಿಯೋರು ಯಾರಾದ್ರೂ ಬರ್ತೀರಿ ಅಂದ್ರೆ ನನ್ನ ಕಾರಲ್ಲಿ ಐದು ಸೀಟಿದೆ.

ಅಪ್ಪ ಈಗ ಊರಲ್ಲಿದಾರೆ, ವಯಸ್ಸಾಯ್ತು, ಇನ್ನೊಂದ್ಸಲ ಬರೋಕಾಗಲ್ಲ ಅಂತಾರೆ. ಭಾನುವಾರ ಫೋನ್ ಮಾಡಿದಾಗ್ಲೆಲ್ಲ ಮಳೆ ಬಗ್ಗೆ ಕೇಳ್ತಾರೆ, ಆಮೇಲೆ ಆ ಮೋರಿ ನೀರು ಈಗ ಹೆಂಗೈತೆ ಅಂತ ಕೇಳ್ತಾರೆ. ಹೋದ ವಾರ ಹಿಂದಿನ ಕೊಳದ ಫೋಟೋ ತೆಗೆದು ಕಳ್ಸಿದೆ, ದಡದಲ್ಲಿ ಎರಡು ಕೊಕ್ಕರೆ ನಿಂತಿದ್ವು, ನೀರು ಅಂಥಾ ತಿಳಿಯಾಗೇನಿರ್ಲಿಲ್ಲ, ಹಸಿರು ಒಂದು ಮೂಲೇಲಿ ಇತ್ತು. ಅದನ್ನೇ ದೊಡ್ಡದು ಮಾಡಿ ನೋಡಿ ಆ ಮೂಲೆ ಮೇಲುಗಡೆ ಯಾರ ಮನೆ ಐತೆ ನೋಡ್ಲಾ ಅಂದ್ರು. ನಾಳೆ ಸಂಜೆ ಆ ಮನೆಗೆ ಹೋಗಿ ಮಾತಾಡ್ಸಿ ಬರ್ತೀನಿ. ಜೂನ್ 1 ಹತ್ರ ಬರ್ತಿದೆ, ನಿಮ್ಮ ಗ್ಯಾರೇಜಲ್ಲೂ ಅರ್ಧ ಉಳಿದಿರೋ ಚೀಲ ಇದ್ರೆ ಬಾಯಿ ಬಿಗಿಯಾಗಿ ಕಟ್ಟಿ, ತೇವ ತಾಗದ ಕಡೆ ಮೇಲಿಟ್ಟಿರಿ, ಅಕ್ಟೋಬರ್ ತನಕ.

ಇಂತಿ ನಿಮ್ಮವ,
ಪಿನೆಲಸ್ ಕೌಂಟಿಯ ಒಬ್ಬ ಮಂಡ್ಯದೋನು